ತಲೆಮಾರಿಗೊಂದು ಅಡಿ

ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರಿದ ಮೇಲೆ ನಮ್ಮೂರಿಗೆ ಹೆಳವ ಬರುತ್ತಿದ್ದ. ಕಮಲಾಪುರದಿಂದ ಸ್ವಲ್ಪ ಒಳಗಿರುವ ಊರು ನಮ್ಮದು. ಅವನ ಎತ್ತಿನ ಕೊರಳ ಗಂಟೆ ಅಗಸಿಯಲ್ಲಿ ಕೇಳಿಸಿದರೆ ಸಾಕು, ಮುತ್ಯಾ ಪಡಸಾಲೆಯಲ್ಲಿ ಕಂಬಳಿ ಹಾಸಿಸುತ್ತಿದ್ದ. ಹೆಳವ ಕೂತು, ನೀರು ಕುಡಿದು, ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಬಿಚ್ಚಿ, ಬೆರಳನ್ನು ಸಾಲಿನ ಮೇಲಿಟ್ಟು ನಮ್ಮ ಮನೆತನದ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಮೂಲಪುರುಷ ಯಾವ ಊರು ಬಿಟ್ಟು ಬಂದ, ಎಷ್ಟು ಎತ್ತು ಹೊಡಕೊಂಡು ಬಂದ, ಅವನಿಗೆ ಮಕ್ಕಳೆಷ್ಟು, ಹಿರಿಯವನು ಎಲ್ಲಿ ಉಳಿದ, ಕಿರಿಯವನು ಎಲ್ಲಿಗೆ ಹೋದ, ಎಲ್ಲವೂ ಆ ಪುಸ್ತಕದಲ್ಲಿತ್ತು. ಅಪ್ಪನ ಹೆಸರಿಗೆ ಬಂದು ನಿಂತಾಗ ಲೆಕ್ಕ ಹತ್ತಾಗುತ್ತಿತ್ತು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಹನ್ನೊಂದನೇದು ಇಲ್ಲೇ ಕುಂತದ ನೋಡ್ರಿ ಮುತ್ಯಾ" ಅನ್ನುತ್ತಿದ್ದ. ಒಂದು ಚೀಲ ಜೋಳ ಎತ್ತಿನ ಮೇಲೇರುತ್ತಿತ್ತು.

ಉತ್ತರ ಕರ್ನಾಟಕದ ಸಾವಿರಾರು ಮನೆಗಳ ಚರಿತ್ರೆ ಉಳಿದಿರುವುದು ಹೀಗೆಯೇ. ರಾಜರಿಗೆ ಶಾಸನಗಳಿದ್ದವು, ಒಕ್ಕಲು ಮನೆಗಳಿಗೆ ಹೆಳವರಿದ್ದರು. ಯಾವ ಸರ್ಕಾರವೂ ಅವರಿಗೆ ಸಂಬಳ ಕೊಡಲಿಲ್ಲ. ಕಣದ ಜೋಳವೇ ಅವರ ಸಂಬಳ.

ತಲೆಮಾರಿಗೆ 25 ವರ್ಷ ಹಿಡಿದರೆ 11 ತಲೆಮಾರಿಗೆ 275 ವರ್ಷ. ಹುಡುಗನಾಗಿದ್ದಾಗ ಅದಕ್ಕಿಂತ ದೊಡ್ಡ ಕಾಲ ಇರಲಾರದು ಅಂದುಕೊಂಡಿದ್ದೆ. ಆ ಲೆಕ್ಕವನ್ನು ಕಣ್ಣಿಗೆ ಕಾಣುವಂತೆ ಅಳೆದದ್ದು ಎಷ್ಟೋ ವರ್ಷಗಳ ಮೇಲೆ, ಕಲಬುರಗಿ ಕೋಟೆಯ ಬುರುಜಿನ ಮೇಲೆ. ಅಲ್ಲಿ ಒಂದು ತೋಪು ಮಲಗಿದೆ. ಊರವರು ಬಾರಾ ಗಜ ತೋಪು ಅನ್ನುತ್ತಾರೆ. ಉದ್ದ 29 ಅಡಿ. ಮಧ್ಯಾಹ್ನದ ಹೊತ್ತಿನಲ್ಲಿ ಕೈಯಿಟ್ಟರೆ ಸುಡುತ್ತದೆ. ಅದರ ಬಾಯಿಯ ಹತ್ತಿರ ನಿಂತು, ತಲೆಮಾರಿಗೊಂದು ಅಡಿ ಅಂತ ಮನಸ್ಸಿನಲ್ಲಿ ಹಿಡಿದು, ಪಾದಕ್ಕೆ ಪಾದ ಹಚ್ಚಿ ಹಿಂದಕ್ಕೆ ನಡೆದೆ. ಒಂದು ಪಾದಕ್ಕೆ 25 ವರ್ಷ. ತೋಪಿನ ಬಾಯಿ ಇವತ್ತು.

ಹೋಲಿಕೆಗೆ ದೂರದ ಒಂದು ದೇಶ ಹಿಡಿಯೋಣ. ಎಂಟನೇ ಅಡಿ ಮುಗಿಯುವ ಮೊದಲೇ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರ ಹುಟ್ಟುತ್ತದೆ. ಅದು 1835ರ ಮಾತು. ಆ ದೇಶದ ಸಣ್ಣಪುಟ್ಟ ಊರುಗಳಲ್ಲಿ ಮೊದಲು ಬಂದು ನೆಲೆಸಿದ ಬಿಳಿಯರ ಮನೆತನಗಳನ್ನು ಪಯೋನಿಯರ್ ಕುಟುಂಬಗಳೆಂದು ಗೌರವಿಸುತ್ತಾರೆ. ಅವರ ಹೆಸರನ್ನು ಕಲ್ಲಿನಲ್ಲಿ ಕೊರೆಸುತ್ತಾರೆ, ಪತ್ರ ಪಾತ್ರೆಗಳನ್ನು ಮ್ಯೂಸಿಯಮ್ಮಿನಲ್ಲಿ ಇಡುತ್ತಾರೆ. ಮೆಲ್ಬರ್ನ್ ಸೀಮೆಯಲ್ಲಿ ಆ ಎಲ್ಲ ಚರಿತ್ರೆ ಈ ತೋಪಿನ ಎಂಟು ಅಡಿಯೊಳಗೆ ಹಿಡಿಯುತ್ತದೆ. ಸಿಡ್ನಿಯಲ್ಲಿ ನೆಲೆಸಲು ಮೊದಲ ಇಂಗ್ಲಿಷ್ ಹಡಗುಗಳು ಬಂದದ್ದು 1788ರಲ್ಲಿ, ಅಂದರೆ ಹತ್ತನೇ ಅಡಿಯ ನಡುವೆ. ಆದರೆ ಅದೇ ನೆಲದಲ್ಲಿ ಮೂಲನಿವಾಸಿಗಳ ಕುರುಹು ಸುಮಾರು 65,000 ವರ್ಷ ಹಿಂದಕ್ಕೆ ಹೋಗುತ್ತದೆ. ಅವರಿಗೆ 2,600 ಅಡಿ ಬೇಕು. ತೋಪಲ್ಲ, ಕೋಟೆಯೇ ಸಾಲದು. ಹತ್ತಿರ ಹತ್ತಿರ 800 ಮೀಟರ್ ನಡೆಯಬೇಕು. ಮೊದಲು ಬಂದವರು ಯಾರು ಅನ್ನುವ ಪ್ರಶ್ನೆಗೆ ಎಂಟು ಅಡಿಯಲ್ಲಿ ಉತ್ತರ ಮುಗಿಸಿದರೆ ಎಷ್ಟು ದೊಡ್ಡ ಅನ್ಯಾಯವಾಗುತ್ತದೆ ಅನ್ನುವುದು ನನಗೆ ಅರ್ಥವಾದದ್ದು ಈ ಅಳತೆಯಿಂದ.

ಹನ್ನೊಂದನೇ ಅಡಿ ದಾಟಿ ಒಂದೆರಡು ಅಂಗುಲಕ್ಕೆ 1746. ಆ ವರ್ಷ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಶರಣಬಸವೇಶ್ವರರು ಹುಟ್ಟಿದರು. ಹೆಳವನ ಪುಸ್ತಕದ ನಮ್ಮ ಮೂಲಪುರುಷ ಹೆಚ್ಚುಕಡಿಮೆ ಶರಣರ ಓರಗೆಯವನೇ. ಸಿಡ್ನಿಯಲ್ಲಿ ಹಡಗು ನಿಂತಾಗ ಶರಣರಿಗೆ 42 ವರ್ಷ. 1822ರಲ್ಲಿ ಅವರು ಲಿಂಗೈಕ್ಯರಾಗಿ 13 ವರ್ಷ ಕಳೆದ ಮೇಲೆ ಮೆಲ್ಬರ್ನ್ ಹುಟ್ಟಿತು. ಆಗಲೇ ಕಲಬುರಗಿಯಲ್ಲಿ ದಾಸೋಹದ ಒಲೆ ಹೊತ್ತಿ ಆಗಿತ್ತು.

ಆ ಒಲೆಯ ಲೆಕ್ಕ ನೋಡಿ. 200 ವರ್ಷ ಅಂದರೆ 73,000 ದಿನ. ದಿನಕ್ಕೆ ನೂರೇ ಜನ ಉಂಡರು ಅಂತ ಕಡಿಮೆಯಲ್ಲಿ ಕಡಿಮೆ ಹಿಡಿದರೂ 73 ಲಕ್ಷ ಊಟ. ಜಾತ್ರೆಯ ದಿನಗಳಲ್ಲಿ ಶರಣರ ಗುಡಿಯ, ಊರವರು ಅನ್ನುವಂತೆ ಅಪ್ಪನ ಗುಡಿಯ, ಮುಂದೆ ನಿಂತವರಿಗೆ ಗೊತ್ತು, ನೂರು ಅನ್ನುವುದು ಅಲ್ಲಿ ಲೆಕ್ಕವೇ ಅಲ್ಲ. ಹೋಳಿಯಾದ ಐದನೇ ದಿನ ತೇರು ಎಳೆಯುವಾಗ ಉತ್ತತ್ತಿ, ಬಾಳೆಹಣ್ಣು ಗಾಳಿಯಲ್ಲಿ ಹಾರುತ್ತವೆ. ಈ 200 ವರ್ಷಗಳಲ್ಲಿ ಶರಣರ ಪೀಠ, ಜನ ಅಪ್ಪ ಅಂತ ಕರೆಯುವ ಎಂಟು ಪೀಠಾಧಿಪತಿಗಳನ್ನು ಕಂಡಿದೆ. ಎಂಟನೆಯವರಾದ ಶರಣಬಸವಪ್ಪ ಅಪ್ಪ 2025ರ ಆಗಸ್ಟ್‌ನಲ್ಲಿ ಲಿಂಗೈಕ್ಯರಾದರು. 200ನ್ನು ಎಂಟರಿಂದ ಭಾಗಿಸಿದರೆ 25. ತಲೆಮಾರಿಗೆ 25 ಅಂತ ನಾನು ಹಿಡಿದ ಅಳತೆ ಊಹೆಯದಾಗಿತ್ತು. ಊರಿನ ಪೀಠವೇ ಅದಕ್ಕೆ ಸಾಕ್ಷಿ ಹೇಳಿದಂತಾಯಿತು.

ಮುಂದೆ ನಡೆದೆ. ಹನ್ನೆರಡರಿಂದ ಇಪ್ಪತ್ತಮೂರರವರೆಗಿನ ಅಡಿಗಳಲ್ಲಿ ನಿಜಾಮರು, ಮೊಗಲರು, ಬಿಜಾಪುರದ ಆದಿಲಶಾಹಿಗಳು, ಬೀದರಿನಿಂದ ಆಳಿದ ಬಹಮನಿಗಳು ಹಾದುಹೋಗುತ್ತಾರೆ. ಅವರಿಗೆಲ್ಲ ಕಲಬುರಗಿ ಒಂದು ಊರು ಮಾತ್ರ. ಕಲಬುರಗಿಯದೇ ಆದ ಕಾಲ ಇರುವುದು 24ರಿಂದ 27ನೇ ಅಡಿಯವರೆಗೆ. 1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಷಾ ರಾಜಧಾನಿ ಮಾಡಿದ. 1420ರ ದಶಕದಲ್ಲಿ ಅಹಮದ್ ಷಾ ಅದನ್ನು ಬೀದರಿಗೆ ಒಯ್ದ. ಒಟ್ಟು ಹತ್ತಿರ ಹತ್ತಿರ 80 ವರ್ಷ. ತೋಪಿನ ಮೇಲೆ ಅದು ಮೂರು ಅಡಿ, ಒಬ್ಬ ಮನುಷ್ಯ ತೋಳು ಬಿಚ್ಚಿದರೆ ಮುಚ್ಚಿಹೋಗುವಷ್ಟು. ನಾವು ಶಾಲೆಯಲ್ಲಿ ಓದಿದ ಕಲಬುರಗಿಯ ಇತಿಹಾಸವೆಲ್ಲ ಆ ಮೂರು ಅಡಿಯದು.

ಆ ಮೂರು ಅಡಿಯೊಳಗೆ ಅರ್ಧ ಅಂಗುಲದ ಒಂದು ಜಾಗವಿದೆ. ಅದು 1397. ಆ ಒಂದೇ ವರ್ಷದಲ್ಲಿ ಇಲ್ಲಿನ ಸಿಂಹಾಸನದ ಮೇಲೆ ನಾಲ್ವರು ಸುಲ್ತಾನರು ಕೂತರು. ಎರಡನೇ ಮಹಮ್ಮದ್ ಷಾ ತೀರಿಕೊಂಡ. ಗಿಯಾಸುದ್ದೀನನ ಕಣ್ಣು ಕೀಳಿಸಿದರು. ಷಂಸುದ್ದೀನನನ್ನು ಇಳಿಸಿದರು. ವರ್ಷ ಮುಗಿಯುವ ಮೊದಲು ಫಿರೋಜ್ ಷಾ ಏರಿದ. ಅವನು ಮಾತ್ರ 25 ವರ್ಷ ಉಳಿದ. ತೋಪಿನ ಮೇಲೆ ಅವನ ಪಾಲು ಸರಿಯಾಗಿ ಒಂದು ಅಡಿ.

ಕೋಟೆಯೊಳಗಿನ ಜಾಮಿ ಮಸೀದಿಯೂ ಅದೇ ಮೂರು ಅಡಿಯ ಫಸಲು. 1367ರಲ್ಲಿ ಪರ್ಷಿಯಾದ ಕಜ್ವೀನಿನ ರಫೀ ಅನ್ನುವವನು ಕಟ್ಟಿದ್ದು. ಉದ್ದ 216 ಅಡಿ, ಅಗಲ 176 ಅಡಿ, ಗುಣಿಸಿದರೆ 38,016 ಚದರಡಿ. ಗುಂಟೆಗೆ 1,089 ಚದರಡಿಯಂತೆ ನಮ್ಮ ಹೊಲದ ಲೆಕ್ಕಕ್ಕೆ ತಂದರೆ ಸರಿಸುಮಾರು 35 ಗುಂಟೆ. ಎಕರೆಗೆ ಐದು ಗುಂಟೆ ಕಡಿಮೆ. ನಮ್ಮ ಹೊಲದಲ್ಲಿ 35 ಗುಂಟೆಯ ಒಂದು ತುಂಡಿದೆ. ತೊಗರಿಯ ಹೊರೆಯನ್ನು ತಲೆಯ ಮೇಲೆ ಹೊತ್ತು ಅದರ ಈ ಬದುವಿನಿಂದ ಆ ಬದುವಿಗೆ ನಡೆದವನು ನಾನು. ಆ ಇಡೀ ಹೊಲಕ್ಕೆ ಒಂದು ಅಂಗೈ ಆಕಾಶವೂ ಕಾಣದಂತೆ ಕಲ್ಲುಗಾರೆಯ ಮಾಳಿಗೆ ಹಾಕಿದ್ದಾರೆ ಅಂತ ಊಹಿಸಿಕೊಳ್ಳಿ. ಮಸೀದಿಗಳಿಗೆ ಸಾಮಾನ್ಯವಾಗಿ ನಡುವೆ ತೆರೆದ ಅಂಗಳ ಇರುತ್ತದೆ. ಇದಕ್ಕೆ ಅಂಗಳವೇ ಇಲ್ಲ. ಎದುರಿಗೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು, ಅವುಗಳ ನಡುವೆ ಸಾಲುಸಾಲಾಗಿ ಚಿಕ್ಕ ಗುಮ್ಮಟಗಳು. ಒಳಗೆ ಕಂಬದಿಂದ ಕಂಬಕ್ಕೆ ಕಮಾನು ಹಾದು, ಒಂದರೊಳಗೆ ಒಂದು ಸಣ್ಣದಾಗುತ್ತ ಹೋಗುವುದನ್ನು ನೋಡುತ್ತ ನಿಂತರೆ ಹೊರಗಿನ ಬಿಸಿಲು ಮರೆತುಹೋಗುತ್ತದೆ. ರಫೀಯ ಹೆಸರು ಉಳಿಯಿತು. ಕಲ್ಲು ಹೊತ್ತವರ, ಸುಣ್ಣ ಅರೆದವರ ಹೆಸರು ಯಾವ ಹೆಳವನಲ್ಲೂ ಸಿಗಲಾರದು.

ಸುಲ್ತಾನರು ಮೂರು ಅಡಿಯಲ್ಲಿ ಎದ್ದು ಹೋದರು. ಹೋಗದೆ ಉಳಿದವರು ಬೇರೆ. ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು, ಸುಮಾರು 1400ರಲ್ಲಿ ಖ್ವಾಜಾ ಬಂದೇನವಾಜರು ಕಲಬುರಗಿಗೆ ಬಂದಾಗ ಅವರಿಗೆ 80ರ ಹತ್ತಿರ. 80ರಲ್ಲಿ ನಮ್ಮ ಮುತ್ಯಾ ಅಂಗಳ ದಾಟಲಾರದೆ ಕೋಲು ಕೇಳುತ್ತಿದ್ದ. ಅವರು ಹೊಸ ಊರಿನಲ್ಲಿ ಹೊಸ ಬದುಕು ಹೂಡಿ ಇನ್ನೂ 20 ವರ್ಷ ಪಾಠ ಹೇಳಿದರು, ಬರೆದರು. 1321ರಲ್ಲಿ ಹುಟ್ಟಿದವರು 1422ರಲ್ಲಿ ತೀರಿಕೊಂಡರು. ಬರಮಾಡಿಕೊಂಡ ಫಿರೋಜ್ ಷಾ ಸತ್ತದ್ದೂ ಅದೇ 1422ರಲ್ಲಿ. ಫಿರೋಜನ ಗೋರಿ ಹಫ್ತ್ ಗುಂಬಜ್‌ನಲ್ಲಿದೆ, ನೋಡಲು ಪ್ರವಾಸಿಗಳು ಬರುತ್ತಾರೆ. ಖ್ವಾಜಾರ ದರ್ಗಾಕ್ಕೆ ಇಡೀ ಸೀಮೆಯೇ ಬರುತ್ತದೆ, ಜಾತಿ ಕೇಳದೆ ಬರುತ್ತದೆ. ನಮ್ಮ ಆಯಿ ವರ್ಷಕ್ಕೊಮ್ಮೆ ಅಪ್ಪನ ಗುಡಿಗೂ ದರ್ಗಾಕ್ಕೂ ಒಂದೇ ದಿನ ಹೋಗಿ ಎರಡೂ ಕಡೆ ಸಕ್ಕರೆ ಹಂಚಿ ಬರುತ್ತಿದ್ದಳು.

ದರ್ಗಾದ ಪೀಠ ನಡೆಸುವ ಸಜ್ಜಾದ ನಶೀನ ಮನೆತನ ಆರು ಶತಮಾನದಿಂದ ಅಲ್ಲೇ ಇದೆ. ನನ್ನ ಅಳತೆಯಲ್ಲಿ 24 ಅಡಿ. 2024ರ ನವೆಂಬರಿನಲ್ಲಿ ತೀರಿಕೊಂಡ ಸೈಯದ್ ಷಾ ಖುಸ್ರೋ ಹುಸೇನಿಯವರು ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓದಿ, ತಮ್ಮ ಮೂಲಪುರುಷರ ಸೂಫಿ ಚಿಂತನೆಯ ಮೇಲೆಯೇ ಪುಸ್ತಕ ಬರೆದವರು. 1983ರಲ್ಲಿ ಅದು ಅಚ್ಚಾಯಿತು, ಖ್ವಾಜಾರು ತೀರಿದ 561 ವರ್ಷಗಳ ಮೇಲೆ. ಉರುಸಿನ ಲೆಕ್ಕವಂತೂ ಇನ್ನೂ ಚೆಂದ. 1422ರಿಂದ 2022ಕ್ಕೆ ನಮ್ಮ ಕ್ಯಾಲೆಂಡರಿನಲ್ಲಿ 600 ವರ್ಷ. ಆದರೆ ಆ ವರ್ಷ ನಡೆದದ್ದು 618ನೇ ಉರುಸು. ಹಿಜ್ರಿ ವರ್ಷಕ್ಕೆ 354 ದಿನ, ಹಾಗಾಗಿ ಪ್ರತಿ ವರ್ಷ 11 ದಿನ ಮುಂಚೆ ಬರುತ್ತ ಬರುತ್ತ ಆರು ಶತಮಾನದಲ್ಲಿ ಊರಿಗೆ 18 ಉರುಸು ಹೆಚ್ಚಿಗೆ ಸಿಕ್ಕಿವೆ.

ಬಾಳುವುದನ್ನೇ ಲೆಕ್ಕ ಹಿಡಿದರೆ ರಾಜ್ಯ ಕಟ್ಟಿದವರಿಗಿಂತ ಉಣಿಸಿದವರು, ಪಾಠ ಹೇಳಿದವರು ಹೆಚ್ಚು ಬಾಳಿದ್ದಾರೆ. ಮೂರು ಅಡಿ ಒಂದು ಕಡೆ, 24 ಅಡಿ ಇನ್ನೊಂದು ಕಡೆ.

29ನೇ ಅಡಿಗೆ ತೋಪು ಮುಗಿಯುತ್ತದೆ. ಕಾಲ ಮುಗಿಯುವುದಿಲ್ಲ. ಬುರುಜು ಇಳಿದು ನೆಲದ ಮೇಲೆ ನಡೆಯಬೇಕು. 47ನೇ ಅಡಿಗೆ ಮಳಖೇಡದ ಅಮೋಘವರ್ಷ, ಅವನ ಆಸ್ಥಾನದಲ್ಲಿ ಕವಿರಾಜಮಾರ್ಗ ಬರೆದ ಶ್ರೀವಿಜಯ. ಕನ್ನಡದಲ್ಲಿ ಉಳಿದಿರುವ ಮೊದಲ ಪುಸ್ತಕ ನಮ್ಮ ಕಾಗಿಣಾ ನದಿಯ ದಂಡೆಯಿಂದ 47 ಮಂದಿ ಅಪ್ಪಂದಿರ ದೂರದಲ್ಲಿದೆ, ಅಷ್ಟೇ. ಅಷ್ಟು ಜನರನ್ನು ಸಾಲಾಗಿ ನಿಲ್ಲಿಸಿದರೆ ನಮ್ಮೂರ ಶಾಲೆಯ ಒಂದು ತರಗತಿ. 90ನೇ ಅಡಿ ದಾಟಿದರೆ ಅಶೋಕ. ಭೀಮೆಯ ದಂಡೆಯ ಕನಗನಹಳ್ಳಿಯಲ್ಲಿ ಅವನ ಶಿಲ್ಪ ಸಿಕ್ಕಿದೆ, ಬ್ರಾಹ್ಮಿಯಲ್ಲಿ ಹೆಸರು ಬರೆದ ಸಮೇತ.

ಆಮೇಲೆ ಅಡಿ ಎಣಿಸಿ ಪ್ರಯೋಜನವಿಲ್ಲ, ಬಸ್ಸು ಹತ್ತಬೇಕು. ಹುಣಸಗಿಯ ಹತ್ತಿರ ಇಸಾಂಪುರ ಅಂತ ಒಂದು ಊರಿದೆ. 2009ರವರೆಗೆ ಅದು ನಮ್ಮ ಜಿಲ್ಲೆಯದೇ, ಈಗ ಯಾದಗಿರಿಗೆ ಸೇರಿದೆ. ಅಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರು ಅಗೆದು ತೋರಿಸಿದ್ದು ಆದಿಮಾನವರ ಒಂದು ಕಲ್ಲಿನ ಕಾರ್ಖಾನೆ. ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ ಕೈಗೊಡಲಿ ಮಾಡುತ್ತಿದ್ದ ಜಾಗ. ಸುಮಾರು 12 ಲಕ್ಷ ವರ್ಷದ್ದು ಅಂತ ಅಂದಾಜು. ತಲೆಮಾರಿಗೊಂದು ಅಡಿಯಂತೆ 48,000 ಅಡಿ, ಅಂದರೆ 14.6 ಕಿ.ಮೀ. ಕೋಟೆಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ ಹೊರಟರೆ ಮಹಾಗಾಂವ ಕ್ರಾಸ್ ಇನ್ನೂ ಬಂದಿರುವುದಿಲ್ಲ, ಎಡಬಲಕ್ಕೂ ತೊಗರಿ ಹೊಲ, ಅಲ್ಲಿ ಎಲ್ಲೋ ಆ ಕಲ್ಲೊಡೆದವರು ಕೂತಿರುತ್ತಾರೆ. ಈ ಕಡೆ ತಿರುಗಿ ನೋಡಿದರೆ ಸುಲ್ತಾನರೂ ಶರಣರೂ ಖ್ವಾಜಾರೂ ನಾವೂ ಒಂದೇ ತೋಪಿನ ಉದ್ದದೊಳಗೆ.

ಇದಿಷ್ಟೂ ಒಂದೇ ಗೆರೆಯ ಲೆಕ್ಕ, ಮಗ, ಅಪ್ಪ, ಮುತ್ಯಾ. ಹೆಳವನ ಪುಸ್ತಕದಲ್ಲಿರುವ ಹಾಗೆ. ಆದರೆ ಪ್ರತಿಯೊಬ್ಬರಿಗೂ ಇಬ್ಬರು ಹಡೆದವರು. ಎರಡು, ನಾಲ್ಕು, ಎಂಟು ಅಂತ ಇಮ್ಮಡಿಯಾಗುತ್ತ ಹೋಗಿ ಹತ್ತನೇ ತಲೆಮಾರಿಗೆ 1,024 ಹಿರಿಯರು. ಅವರಲ್ಲಿ ಹೆಳವ ಓದುವುದು ಒಂದು ಹೆಸರು. 19ನೇ ತಲೆಮಾರಿಗೆ 5,24,288. ಕಲಬುರಗಿ ನಗರದ ಜನಸಂಖ್ಯೆ 2011ರ ಗಣತಿಯಲ್ಲಿ 5,33,587. ಒಬ್ಬ ಮನುಷ್ಯನ 475 ವರ್ಷ ಹಿಂದಿನ ಹಿರಿಯರಿಗೆಲ್ಲ ಮಣೆ ಹಾಕಿದರೆ 2011ರ ಕಲಬುರಗಿಯಷ್ಟು ಮಣೆ ಬೇಕು. ಬಂದೇನವಾಜರ ಕಾಲಕ್ಕೆ, ಅಂದರೆ 24ನೇ ತಲೆಮಾರಿಗೆ ಹೋದರೆ 1,67,77,216. ಅದೇ ಗಣತಿಯಲ್ಲಿ ಇಡೀ ಜಿಲ್ಲೆಯಲ್ಲಿ ಇದ್ದದ್ದೇ 25,66,326 ಜನ. ಅದರ ಆರೂವರೆ ಪಟ್ಟು!

ಅಷ್ಟು ಜನ ಆಗ ಈ ಸೀಮೆಯಲ್ಲಿ ಇರಲು ಸಾಧ್ಯವೇ ಇಲ್ಲ. ಹಾಗಾದರೆ ಒಬ್ಬನೇ ಮನುಷ್ಯ ಹಲವು ಮಣೆಗಳ ಮೇಲೆ ಕೂತಿರಬೇಕು. ನಮ್ಮಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ಇರುವುದರಿಂದ ಮಣೆಗಳು ಇನ್ನೂ ಬೇಗ ಒಬ್ಬರಿಗೇ ಸೇರಿಬಿಡುತ್ತವೆ. ನನ್ನ ಹಿರಿಯ ನಿಮ್ಮ ಹಿರಿಯನೂ ಹೌದು, ಊರ ಗೌಡನ ಹಿರಿಯ ತಳವಾರನ ಹಿರಿಯನೂ ಹೌದು. ಜಾತಿಯ ಗೋಡೆಗಳು ಎಷ್ಟೇ ಎತ್ತರ ಇದ್ದರೂ ಈ ಗುಣಾಕಾರ ಅವುಗಳನ್ನು ಎಲ್ಲೋ ಒಂದು ಕಡೆ ದಾಟಿಯೇ ಇರುತ್ತದೆ ಅಂತ ನಾನು ನಂಬುತ್ತೇನೆ.

ಹೆಳವನ ಪುಸ್ತಕದ ನಮ್ಮ ಮನೆಯ ಪುಟಗಳಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಇರಲಿಲ್ಲ. ಹೋದ ಸಲ ಹೆಳವನ ಮೊಮ್ಮಗ ಮೋಟರ್‌ಸೈಕಲ್ ಮೇಲೆ ಬಂದಿದ್ದ. ಆಯಿಯ ಹೆಸರು ಬರೆದುಕೋ ಅಂದೆ. ಅವನು ಪುಟ ಮೇಲೆ ಕೆಳಗೆ ನೋಡಿದ. "ಜಾಗಾನೇ ಇಲ್ಲಲ್ರಿ ಕಾಕಾ" ಅಂದ. ಕೊನೆಗೆ ಅಂಚಿನಲ್ಲಿ ಅಡ್ಡ ಬರೆದ.

ಆಯಿಯ ತವರು ಕಮಲಾಪುರ. ಕಲಬುರಗಿಯಿಂದ ಸುಮಾರು 35 ಕಿ.ಮೀ. ಮುಂಬಯಿ ಮದರಾಸು ರೈಲುಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದಾಗಲೇ ಕಲಬುರಗಿ ರೈಲು ಕಂಡಿತ್ತು. ಕಮಲಾಪುರ ಸೀಮೆಯ ಮೇಲೆ ಹಾದು ಬೀದರ ಮುಟ್ಟುವ 110 ಕಿ.ಮೀ. ಹಳಿ ಪೂರ್ತಿ ತೆರೆದದ್ದು 2017ರ ಅಕ್ಟೋಬರಿನಲ್ಲಿ. 35 ಕಿ.ಮೀ. ಬರಲು ರೈಲಿಗೆ 146 ವರ್ಷ ಹಿಡಿಯಿತು. ವರ್ಷಕ್ಕೆ 240 ಮೀಟರ್. ಮುತ್ತಜ್ಜನ ಕಾಲದಲ್ಲಿ ಶಿಳ್ಳೆ ಕೇಳಿಸಿತ್ತು, ಗಾಡಿ ಹತ್ತಿದವರು ಮರಿಮಕ್ಕಳು.

ಈ ದಾರಿಯಲ್ಲಿ ಬಂದವರು ನೆಲದ ಬಣ್ಣ ಬದಲಾಗುವುದನ್ನು ಗಮನಿಸಿರಬಹುದು. ಕಲಬುರಗಿಯ ಎರೆಭೂಮಿ ಕಪ್ಪು. ತೊಗರಿ ಅಲ್ಲಿಯ ದೊರೆ, ಜಿಲ್ಲೆಯಲ್ಲಿ ಐದು ಲಕ್ಷ ಹೆಕ್ಟೇರಿಗೂ ಹೆಚ್ಚು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿತು. ಕಮಲಾಪುರದ ಇಳಿಜಾರಿಗೆ ಬಂದರೆ ಮಣ್ಣು ಕೆಂಪಾಗುತ್ತದೆ. ಅಲ್ಲಿಯ ಕಣಿವೆಯ ಕೆಲವೇ ಊರುಗಳ ತೋಟದಲ್ಲಿ ಬೆಳೆಯುವುದು ಕಮಲಾಪುರದ ಕೆಂಪು ಬಾಳೆ. ಅದಕ್ಕೂ ಆ ಗುರುತು ಇದೆ. ತೊಗರಿ ಸಮುದ್ರವಾದರೆ ಇದು ಒಂದು ಬಾವಿ.

ಬೇರೆ ಬಾಳೆ ವರ್ಷಕ್ಕೆ ಗೊನೆ ಕೊಟ್ಟರೆ ಇದು 18 ತಿಂಗಳು ಕಾಯಿಸುತ್ತದೆ. ಗೊಬ್ಬರ, ನೀರು ಎರಡೂ ಧಾರಾಳ ಬೇಡುತ್ತದೆ. ಹಣ್ಣಿನ ಸಿಪ್ಪೆ ಕುಂಕುಮಕ್ಕೆ ಸ್ವಲ್ಪ ಕಪ್ಪು ಬೆರೆಸಿದ ಬಣ್ಣ. ಸುಲಿದರೆ ತಿರುಳು ಕೆನೆಯ ಹಾಗೆ. ನಾವು ತಿನ್ನುವ ಹೆಚ್ಚಿನ ಬಾಳೆಯಂತೆ ಇದಕ್ಕೂ ಬೀಜವಿಲ್ಲ. ಜೀವಕೋಶದಲ್ಲಿ ವರ್ಣತಂತುಗಳು ಎರಡರ ಬದಲು ಮೂರು ಗುಂಪು, 11ರಂತೆ 33. ಅದಕ್ಕೇ ಬೀಜ ಕಟ್ಟುವುದಿಲ್ಲ. ಅಂದರೆ ಇದಕ್ಕೆ ತಂದೆಯೇ ಇಲ್ಲ. ತಾಯಿಯ ಗಡ್ಡೆಯಿಂದ ಕಂದು ಏಳಬೇಕು, ಇನ್ನೊಂದು ಕಡೆ ಬೆಳೆಯಬೇಕಾದರೆ ಆ ಕಂದನ್ನು ಒಬ್ಬ ಮನುಷ್ಯ ಕಿತ್ತು ನೆಡಬೇಕು. ಹೆಳವನ ಪುಸ್ತಕದಲ್ಲಿ ಅಪ್ಪಂದಿರಷ್ಟೇ, ಈ ತೋಟದಲ್ಲಿ ತಾಯಂದಿರಷ್ಟೇ.

18 ತಿಂಗಳಿಗೊಂದು ತಲೆಮಾರು ಅಂದರೆ ನೂರು ವರ್ಷಕ್ಕೆ 66. ನಮ್ಮ ಒಂದು ತಲೆಮಾರಿಗೆ ಅವಕ್ಕೆ ಹದಿನಾರು ದಾಟುತ್ತವೆ. ಅಷ್ಟು ಕಾಲವೂ ಯಾರಾದರೂ ಬಗ್ಗಿ, ಗುದ್ದಲಿ ಹಾಕಿ, ಕಂದು ಎತ್ತಿ, ಮತ್ತೆ ನೆಟ್ಟು ಕಾಪಾಡಿದ್ದರಿಂದಲೇ ಇವತ್ತು ಕೈಯಲ್ಲಿ ಹಣ್ಣಿದೆ. ಮನುಷ್ಯ ಕೈಬಿಟ್ಟರೆ ಗೆರೆ ಆ ಜಾಗ ಬಿಟ್ಟು ಮುಂದೆ ಹೋಗಲಾರದು, ಬೀಜವಾದರೆ ಹಕ್ಕಿಗಳು ಒಯ್ದು ಬಿತ್ತುತ್ತಿದ್ದವು. ಇನ್ನೊಂದು ಅಪಾಯವೂ ಇದೆ. ಜಗತ್ತಿನ ರಫ್ತು ಮಾರುಕಟ್ಟೆಯನ್ನು ಆಳುತ್ತಿದ್ದ ಗ್ರೋ ಮಿಷೆಲ್ ಎಂಬ ಬಾಳೆ ಪನಾಮಾ ಸೊರಗು ರೋಗಕ್ಕೆ ಸಿಕ್ಕು 1950-60ರ ದಶಕಗಳಲ್ಲಿ ಆ ಮಾರುಕಟ್ಟೆಯಿಂದಲೇ ಹೋಯಿತು. ಎಲ್ಲ ಗಿಡವೂ ಒಂದೇ ತಾಯಿಯ ತುಂಡಾದ್ದರಿಂದ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂತು. ಕಮಲಾಪುರದ ಕಣಿವೆಯಲ್ಲಿ ಬಾಳೆ ತೆಗೆದು ಬೇಗ ದುಡ್ಡು ಬರುವ ಬೆಳೆ ಹಾಕುವವರನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟ. ಅವರನ್ನು ಬೈಯಲಾರೆ. 18 ತಿಂಗಳು ಕಾಯುವ ಶಕ್ತಿ ಸಾಲ ಇದ್ದವರಿಗೆ ಎಲ್ಲಿಂದ ಬರಬೇಕು?

ಆಯಿ ಮದುವೆಯಾಗಿ ನಮ್ಮೂರಿಗೆ ಬರುವಾಗ ಅವಳ ಅವ್ವ ಉಡಿಯಲ್ಲಿ ಅಕ್ಕಿ ಕೊಬ್ಬರಿಯ ಜೊತೆ ಒಂದು ಕೆಂಪು ಬಾಳೆಯ ಕಂದು ಇಟ್ಟಿದ್ದಳಂತೆ. ಮಣ್ಣು ಅಂಟಿದ ಗಡ್ಡೆ, ಒದ್ದೆ ಬಟ್ಟೆಯಲ್ಲಿ ಕಟ್ಟಿದ್ದು. ಗಾಡಿಯಲ್ಲಿ ಬರುವಷ್ಟು ಹೊತ್ತೂ ಹೊಸ ಸೀರೆಗೆ ಕೆಂಪು ನೀರು ಇಳಿಯಿತು ಅಂತ ಆಯಿ 80 ತುಂಬಿದ ಮೇಲೂ ನಗುತ್ತಿದ್ದಳು. ಅದನ್ನು ಹಿತ್ತಿಲ ಬಾವಿಯ ದಂಡೆಗೆ ನೆಟ್ಟಳು. ಅಲ್ಲಿಂದ ಅವ್ವನ ಕೈಗೆ ಬಂತು, ಅವ್ವನಿಂದ ನನ್ನ ಹೆಂಡತಿಗೆ. ಲೆಕ್ಕ ಹಾಕಿದರೆ ಬಾವಿಯ ದಂಡೆಯಲ್ಲಿ ಈಗ ನಿಂತಿರುವುದು ಐವತ್ತನೇ ತಲೆಮಾರಿನ ಆಸುಪಾಸಿನದು. ನಮ್ಮ ಅಳತೆಯಲ್ಲಿ ಮಳಖೇಡದ ಅಮೋಘವರ್ಷನಿಗಿಂತ ದೂರ.

ಹೋದ ಮಳೆಗಾಲದಲ್ಲಿ ಮಗಳು ಕಲಬುರಗಿಯ ತನ್ನ ಮನೆಗೆ ಒಂದು ಕಂದು ಕೇಳಿದಳು. ಕಪ್ಪು ನೆಲದಲ್ಲಿ ಬಣ್ಣ ಬಂದರೂ ರುಚಿ ಬರುವುದಿಲ್ಲ ಅಂತ ಊರಲ್ಲಿ ಎಲ್ಲರೂ ಹೇಳುವ ಮಾತು ನಾನೂ ಹೇಳಿದೆ. ಅವಳು ಎರಡು ಬುಟ್ಟಿ ಕೆಂಪು ಮಣ್ಣನ್ನೂ ಹೊರಿಸಿಕೊಂಡಳು. ತಾಯಿ ಗಿಡಕ್ಕೆ ಪೆಟ್ಟಾಗದಂತೆ ಗುದ್ದಲಿಯನ್ನು ಓರೆಯಾಗಿ ಇಳಿಸಿ, ಗಡ್ಡೆ ಅಲುಗಾಡಿದ ಮೇಲೆ ಕೈಯಿಂದಲೇ ಎತ್ತಿಕೊಟ್ಟೆ. ಮೊನ್ನೆ ಫೋನಿನಲ್ಲಿ ಫೋಟೋ ಕಳಿಸಿದ್ದಾಳೆ. ನಾಲ್ಕು ತಿಂಗಳಾಗಿದೆ, ಎಲೆಯ ನಡುದಂಟಿನಲ್ಲಿ ಕೆಂಪು ಕಾಣುತ್ತಿದೆ. ಗೊನೆಗೆ ಇನ್ನೂ 14 ತಿಂಗಳು.